ಸುಣ್ಣ ಬೀಳದೆ ಕೆಂಪಾದ ಆರತಿ ನೀರು

ಮಾನ್ಯ ಶಿಕ್ಷಣಾಧಿಕಾರಿಗಳೇ,

ನಾನು ಬೀದರ್ ಕಡೆಯವಳು. ಯಜಮಾನರು ನರಹರಿಯವರಿಗೆ ರಕ್ಷಣಾ ಕಾರ್ಖಾನೆಯಲ್ಲಿ ನೌಕರಿಯಾಗಿ ಉಪ್ಪಲ್‌ಗೆ ಬಂದು ಮೂವತ್ತೊಂದು ವರ್ಷವಾಯಿತು. ನನ್ನ ಓದು ಹತ್ತನೇ ತರಗತಿ. ನಮ್ಮ ಕಾಲೊನಿಯಲ್ಲಿ ಕೂಸಿನ ಹೆಸರಿನಿಂದ ನೆರೆಹೊರೆಯ ಜಗಳದವರೆಗೆ ನನ್ನನ್ನು ಕೇಳದೆ ಯಾವುದೂ ತೀರ್ಮಾನವಾಗುವುದಿಲ್ಲ. ಬಡಾಯಿಗೆ ಹೇಳುತ್ತಿಲ್ಲ. ಡಿಸೆಂಬರಿನಲ್ಲಿ, ಶಾಲೆಯ ಪರಿಸರ ವಿಜ್ಞಾನ ಪ್ರದರ್ಶನಕ್ಕೆ ಅತಿಥಿಯಾಗಿ ಬಂದ ತಾವು ಯಾರ ಮೊಮ್ಮಗಳ ಮೇಜನ್ನು ಎತ್ತಿಸಿದಿರಿ ಎಂಬುದು ಗೊತ್ತಿರಲಿ ಎಂದು ಹೇಳುತ್ತಿದ್ದೇನೆ. ಇದರ ತೆಲುಗು ಪ್ರತಿ ನಿಮ್ಮ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಬಂದಿದೆ. ಇಲ್ಲಿನ ಕನ್ನಡದವರೂ ಓದಲಿ ಎಂದು ಇದನ್ನು ನಮ್ಮ ಸಂಘದ ಪತ್ರಿಕೆಗೆ ಕೊಟ್ಟಿದ್ದೇನೆ.

ಆ ಮೇಜಿನ ಕಥೆ ಶುರುವಾದದ್ದು ನಮ್ಮ ಮನೆಯ ಹೊಸ್ತಿಲಲ್ಲಿ. ದೀಪಾವಳಿಗೆ ಮಗಳು ಚಿನ್ಮಯಿ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಬೀಗರ ಜೊತೆ ಬಂದಳು. ದೃಷ್ಟಿ ತೆಗೆಯಲು ಸೊಸೆ ಕುಮುದಾ ತಾಟಿನ ನೀರಿಗೆ ಅರಿಶಿನ ಕದಡಿದಳು. ಅದಕ್ಕೆ ಸುಣ್ಣ ಬಿದ್ದಮೇಲೆಯೇ ನೀರು ಕೆಂಪಾಗುವುದು ಎಂದು ನಮ್ಮ ಹೆಂಗಸರಿಗೆಲ್ಲ ಗೊತ್ತು. ಆದರೆ ಅಂದು ಸುಣ್ಣದ ಡಬ್ಬಿ ತೆರೆಯುವ ಮೊದಲೇ ನೀರು ಕೆಂಪಾಯಿತು. ಹಿಂದಿನ ಸುಣ್ಣದ ತಾಟನ್ನು ತೊಳೆಯದೆ ತಂದಿದ್ದಾಳೆಂದು ಬೀಗರ ಎದುರೇ ಅವಳಿಗೆ ಬೈದೆ.

"ಅತ್ತಿ, ತಾಟು ಎರಡು ಸಲ ತೊಳದೀನ್ರಿ. ಸುಣ್ಣ ಇನ್ನಾ ಮುಟ್ಟೇ ಇಲ್ಲ," ಎಂದಳು ಕುಮುದಾ.

ಏಳನೇ ತರಗತಿಯ ಮೊಮ್ಮಗಳು ತನ್ವಿ ಒಳಗೆ ಹೋಗಿ ಎರಡು ಲೋಟ ತಂದಳು. ಒಂದರಲ್ಲಿ ದಿನ ಬಿಟ್ಟು ದಿನ ಬರುವ ನಲ್ಲಿಯ ನೀರು, ಇನ್ನೊಂದರಲ್ಲಿ ಬೋರ್‌ವೆಲ್ ನೀರು. ಎರಡಕ್ಕೂ ಚಿಟಿಕೆ ಅರಿಶಿನ ಹಾಕಿದಳು. ನಲ್ಲಿಯದು ಹಳದಿಯಾಗಿಯೇ ಉಳಿಯಿತು. ಬೋರಿನದು ಕೆಂಪಾಯಿತು. ಅಂದು ಕುಮುದಾ ತಾಟಿಗೆ ಹಾಕಿದ್ದು ಬೋರಿನ ನೀರನ್ನೇ.

"ಅಜ್ಜಿ, ಸುಣ್ಣದಾಗ ಏನೈತಿ, ಕ್ಷಾರ. ಅಂಥಾದು ಬೋರಿನಾಗೂ ಐತಿ. ನೀ ಅವ್ವಗ ಸುಮ್ನೆ ಬೈದಿ," ಎಂದಳು.

ಐವತ್ತು ವರ್ಷ ಆರತಿ ಎತ್ತಿದ ನನಗೆ ನೀರು ಕೆಂಪಾಗುವುದು ಗೊತ್ತಿತ್ತು, ಏಕೆ ಎಂದು ಗೊತ್ತಿರಲಿಲ್ಲ. ಬೀಗರು ಇನ್ನೂ ಅಲ್ಲೇ ಇದ್ದರು. ತಪ್ಪು ನನ್ನದು ಎಂದು ಅವರ ಎದುರೇ ಸೊಸೆಗೆ ಹೇಳಿದೆ. ಹಿಂದೆಂದೂ ಹಾಗೆ ಹೇಳಿದವಳಲ್ಲ ನಾನು.

ಈ ಎರಡು ಲೋಟಗಳನ್ನೇ ತನ್ವಿ ಪ್ರದರ್ಶನದಲ್ಲಿ ಇಟ್ಟಿದ್ದು. ಅರಿಶಿನ ಹಚ್ಚಿ ಒಣಗಿಸಿದ ಕಾಗದದ ಚೀಟಿಗಳನ್ನು ಪಕ್ಕದಲ್ಲಿಟ್ಟು, ಬಂದವರು ತಾವೇ ಅದ್ದಿ ನೋಡಲಿ ಎಂದಿದ್ದಳು. ನೀರಿನಲ್ಲಿ ಏನು ಬೆರೆತಿದೆ ಎಂಬುದನ್ನು ಅರಿಶಿನ ಹೇಳಲಾರದು, ಪ್ರಯೋಗಾಲಯಕ್ಕೆ ಕಳಿಸಬೇಕು ಎಂದೂ ಬರೆದು ಅಂಟಿಸಿದ್ದಳು. ಹನ್ನೆರಡು ವರ್ಷದ ಹುಡುಗಿಗಿದ್ದ ಆ ಎಚ್ಚರ ತಮಗೇಕೆ ಇರಲಿಲ್ಲ? ನಿಮ್ಮ ಬೆನ್ನ ಹಿಂದೆಯೇ ನಿಂತಿದ್ದೆ. "ಇದೇನು ಸೈನ್ಸೋ ಪೂಜೆಯೋ? ಸುಳ್ಳು ಹೇಳಿ ಜನರನ್ನು ಗಾಬರಿ ಮಾಡಬೇಡಿ, ತೆಗೆಸಿ," ಎಂದು ತೆಲುಗಿನಲ್ಲಿ ಟೀಚರಿಗೆ ಹೇಳಿದಿರಿ. ಒಂದು ಚೀಟಿಯನ್ನಾದರೂ ಅದ್ದಿ ನೋಡಿದಿರಾ? ಕೈಗೆ ಅರಿಶಿನ ಹತ್ತುತ್ತದೆಂಬ ಅಂಜಿಕೆಯೇ?

ಮೊದಲ ಬಹುಮಾನ ಹೋದದ್ದು 'ಹಸಿರು ಭೂಮಿ'ಗೆ. ಆಹಾ, ಎಂಥ ಭೂಮಿ! ಪೂರ್ತಿ ಥರ್ಮೊಕೋಲು, ಮೇಲೆ ಡಬ್ಬಿಯಿಂದ ಸಿಂಪಡಿಸಿದ ಹಸಿರು ಬಣ್ಣ. ಮರುದಿನ ಅದು ಶಾಲೆಯ ಹಿಂದಿನ ನಾಲೆಯಲ್ಲಿ ತೇಲುತ್ತಿತ್ತು. ಮಾಡಿದ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಪರಿಸರವೆಂದರೆ ಫೋಟೋದಲ್ಲಿ ಚೆನ್ನಾಗಿ ಕಾಣುವ ವಸ್ತು ಎಂದು ಅವರಿಗೆ ಕಲಿಸಿದವರು ನೀವು.

ನೀರು ನಮ್ಮ ಇಲಾಖೆಯದಲ್ಲ ಎನ್ನುತ್ತೀರಿ, ಗೊತ್ತು. ಹುಡುಗಿ ನಿಮ್ಮ ಇಲಾಖೆಯವಳೇ ಅಲ್ಲವೇ? ಅಂದು ಮನೆಗೆ ಬಂದವಳು ವಿಜ್ಞಾನದ ನೋಟ್‌ಬುಕ್ಕನ್ನು ಹಳೇ ಪೇಪರಿನ ಕಟ್ಟಿಗೆ ಸೇರಿಸಿದಳು. "ನಾ ಸುಳ್ಳ ಹೇಳೀನೇನು ಅಜ್ಜಿ?" ಎಂದು ಒಮ್ಮೆ ಕೇಳಿದಳು. ಮತ್ತೆ ಆ ಮಾತು ತೆಗೆಯಲಿಲ್ಲ. ಕಣ್ಣಿಂದ ಕಂಡದ್ದನ್ನು ಹೇಳಬಾರದು ಎಂಬುದೇ ಅವಳು ಕಲಿಯಬೇಕಾದ ಮೊದಲ ರಸಾಯನಶಾಸ್ತ್ರವೇ?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಅದೇ ಸಭಾಂಗಣದಲ್ಲಿ, ಅದೇ ಮಕ್ಕಳ ಎದುರು ತನ್ವಿಯ ಮೇಜು ಮತ್ತೆ ಬರಬೇಕು. ನೀವೇ ಒಂದು ಚೀಟಿ ಅದ್ದಿ, ತಪ್ಪು ನನ್ನದು ಎನ್ನಬೇಕು. ಕಷ್ಟ, ನಿಜ. ಬೀಗರ ಎದುರು ನನಗೂ ಕಷ್ಟವೇ ಆಗಿತ್ತು.

ನಿಮ್ಮ ಉತ್ತರಕ್ಕೆ ನಾನು ಕಾದು ಕೂತಿಲ್ಲ. ಪ್ರತಿ ಸಂಕ್ರಾಂತಿಯ ಅರಿಶಿನ-ಕುಂಕುಮಕ್ಕೆ ಬಂದ ಮುತ್ತೈದೆಯರಿಗೆ ಪ್ಲಾಸ್ಟಿಕ್ ಡಬ್ಬಿ ಕೊಡುತ್ತಿದ್ದೆ. ಈ ಸಲ ಎಳ್ಳು-ಬೆಲ್ಲದ ಜೊತೆ ಎರಡೆರಡು ಅರಿಶಿನದ ಚೀಟಿ ಕೊಟ್ಟೆ. ಮನೆಯ ನಲ್ಲಿಗೊಂದು, ಬೋರಿಗೊಂದು ಅದ್ದಿ, ಮನೆ ನಂಬರು ಬರೆದು ತನ್ವಿಯ ಕೈಗೆ ಕೊಡಬೇಕೆಂದು ಹೇಳಿದೆ. ಮೊದಲು ತಂದವರು ಎದುರು ಮನೆಯ ವನಜಾ. "ಪಾಪು, ನಮ್ಮದೂ ಕೆಂಪಾಗೇತಿ, ಬರಕೋ," ಎಂದರು. ತನ್ವಿ ಹಳೇ ಪೇಪರಿನ ಕಟ್ಟು ಬಿಚ್ಚಿ ನೋಟ್‌ಬುಕ್ಕನ್ನು ಹೊರತೆಗೆದಳು.

ಮೂವತ್ತೆಂಟು ಮನೆಗಳ ಚೀಟಿ ಅದರಲ್ಲಿ ಅಂಟಿಸಿ ಆಗಿದೆ. ಬೋರಿನ ನೀರನ್ನು ಪರೀಕ್ಷೆಗೆ ಕಳಿಸಿಯೂ ಆಗಿದೆ. ಪ್ರತಿ ಭಾನುವಾರ ನಮ್ಮ ಪಡಸಾಲೆಯಲ್ಲಿ ತನ್ವಿ ಪಾಠ ಮಾಡುತ್ತಾಳೆ. ಮುಂದಿನ ಸಾಲಿನಲ್ಲಿ ಕೂರುವವಳು ನಾನು.

ಇಂತಿ,
ಅರವತ್ತೆಂಟನೆಯ ವಯಸ್ಸಿಗೆ ರಸಾಯನಶಾಸ್ತ್ರ ಶುರುಮಾಡಿದ
ಶಾರದಾಬಾಯಿ
ಉಪ್ಪಲ್, ಹೈದರಾಬಾದ್