ಬಾಗಿಲ ಹಿಂದಿನ ಮೊಳೆ ಮತ್ತು ತಮ್ಮ ಕೋಟು

ಸಮುದಾಯ ಭವನದ ಬೀಗದ ಕೈ ಇಟ್ಟುಕೊಂಡಿರುವ ಮಾನ್ಯರೇ,

ತಮ್ಮ ಕೋಟಿನ ಹೊಲಿಗೆ ಬಿಚ್ಚಿದವರು ನಾವೇ. ಆದರೆ ಅದನ್ನು ಮತ್ತೆ ಹೊಲಿಯಲು ಬಿಡದಿರುವವರು ತಾವು. ಕೋಟು ನಮ್ಮ ಹೊಲಿಗೆ ಕ್ಲಬ್ಬಿನ ಕೋಣೆಯೊಳಗಿದೆ, ಕೋಣೆಗೆ ತಮ್ಮ ಬೀಗವಿದೆ, ಬೀಗದ ಮೇಲೆ ಅರಗಿನ ಮುದ್ರೆಯಿದೆ. "ಕೋಟನ್ನು ಯಥಾಸ್ಥಿತಿಯಲ್ಲಿ ಹಿಂದಿರುಗಿಸುವವರೆಗೆ ಕೋಣೆಯನ್ನು ತೆರೆಯತಕ್ಕದ್ದಲ್ಲ" ಎಂದು ನೋಟಿಸು ಅಂಟಿಸಿದ್ದೀರಿ. ನಾನು ಓದಿದ್ದು ಐದನೇ ಕ್ಲಾಸು, ಹಾಗಾಗಿ ಮೂರು ಸಲ ಓದಿದೆ. ಆಮೇಲೆ ಏಳನೇ ಕ್ಲಾಸು ಓದಿದ ಹೆಂಡತಿಯಿಂದ ಓದಿಸಿದೆ. ಗೋಡೆ ತೂರಿ ಒಳಗೆ ಹೋಗುವ ವಿದ್ಯೆಯನ್ನು ಏಳನೇ ಕ್ಲಾಸಿನಲ್ಲೂ ಹೇಳಿಕೊಟ್ಟಿರಲಿಲ್ಲವಂತೆ.

ತಮ್ಮ ಕಚೇರಿಗೆ ನಾಲ್ಕು ಅರ್ಜಿ ಕೊಟ್ಟೆ. ಉತ್ತರವಿಲ್ಲ. ಸೋಮವಾರ ಆರು ಹೊಲಿಗೆ ಮಿಷನ್ನುಗಳನ್ನೂ ಗೋದಾಮಿಗೆ ಸಾಗಿಸಿ ಕ್ಲಬ್ಬನ್ನೇ ಮುಚ್ಚುತ್ತಾರೆಂದು ಭವನದ ಕಾವಲುಗಾರ ಹೇಳಿದ. ಅದಕ್ಕೇ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ಹೊಸ ಮಕ್ಕಳಿಗೆ ಮೊದಲ ದಿನ ಸೂಜಿ ಕೊಡುವುದಿಲ್ಲ. ಬಾಗಿಲ ಹಿಂದಿನ ಮೊಳೆಗೆ ಒಂದು ಹಳೆಯ ಬಟ್ಟೆ ತೂಗುಹಾಕಿರುತ್ತೇನೆ. ಎಲ್ಲೂ ಹರಿಯದಂತೆ ಅದರ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಬೇಕು. ತೋಳು ಹೆಗಲಿಗೆ ಹೇಗೆ ಸೇರಿದೆ, ಕಾಲರಿನ ಹೊಟ್ಟೆಯಲ್ಲಿ ಏನಿದೆ, ಎಲ್ಲ ಕಣ್ಣಿಗೆ ಕಾಣಬೇಕು. ಅದನ್ನೇ ಮತ್ತೆ ಕೂಡಿಸುವುದು ಮರುದಿನದ ಪಾಠ.

ತಾವು ತಪಾಸಣೆಗೆ ಬಂದ ಬೆಳಿಗ್ಗೆ ಆ ಮೊಳೆಯಲ್ಲಿ ನನ್ನ ಭಾವನ ಹಳೆಯ ಅಂಗಿಯಿತ್ತು. ಸೆಖೆ ಎಂದು ತಾವು ಕೋಟು ಕಳಚಿ ಅದರ ಮೇಲೆಯೇ ತೂಗುಹಾಕಿದಿರಿ. ಫೋನು ಬಂತು, ಹೊರಟೇಬಿಟ್ಟಿರಿ. ಕಾರಿನವರೆಗೆ ಕೈಮುಗಿಯುತ್ತ ಬಂದ ನಾನು ತಮ್ಮ ಮೈಮೇಲೆ ಏನಿದೆ, ಏನಿಲ್ಲ ಎಂದು ನೋಡಲಿಲ್ಲ. ದರ್ಜಿಯಾಗಿ ನೋಡಬೇಕಿತ್ತು.

ಹತ್ತು ಗಂಟೆಗೆ ಹೊಸ ಹುಡುಗಿ ಬಂದಳು. ವಯಸ್ಸು ಹದಿನಾಲ್ಕು. ಮೈ ತೆಳ್ಳಗೆ, ತಲೆ ದಪ್ಪ. ಹಾಗಾಗಿ ಬಂದ ಕಾಲು ಗಂಟೆಯಲ್ಲೇ ಮಕ್ಕಳು ಗುಂಡುಸೂಜಿ ಎಂದು ಹೆಸರಿಟ್ಟರು. ನಾನು ಮೇಜಿನ ಕೆಳಗೆ ಮಲಗಿ ಮಿಷನ್ನಿಗೆ ಬೆಲ್ಟು ಹಾಕುತ್ತಿದ್ದೆ.

"ಮಾವ, ಮೊಳೆ ಮೇಲಿರೋದನ್ನ ಪೂರ್ತಿ ಬಿಚ್ಚಲಾ?"

"ಪೂರ್ತಿ ಬಿಚ್ಚು. ಗುಂಡಿನೂ ಬಿಡ್ಬೇಡ."

ನಾನು ಹೇಳಿದ್ದು ಇಷ್ಟೇ. ಮಧ್ಯಾಹ್ನ ಬರೀ ಒಂದು ಜೇಬನ್ನು ಹಿಡಿದು ತಂದಳು. ಭಾವನ ಅಂಗಿಯದೇ ಎಂದುಕೊಂಡೆ. ಅದರ ಒಳಗಿನ ಹರುಕಿಗೆ ಯಾರೋ ಕೈಯಲ್ಲೇ ತೇಪೆ ಹಾಕಿದ್ದರು. ಇರುವೆ ಸಾಲಿನಂಥ ಹೊಲಿಗೆ.

"ಇದನ್ನೂ ಬಿಚ್ಚಲಾ?"

"ನೀನೇ ನೋಡಿ ಹೇಳು."

ತುಂಬ ಹೊತ್ತು ನೋಡಿದಳು. "ಬೇಡ ಮಾವ. ಇದನ್ನ ಯಾರೋ ಪಾಪ ಕೂತ್ಕೊಂಡು ಹೊಲಿದಿದಾರೆ."

ಸಂಜೆ ತಮ್ಮ ಚಾಲಕ ಬಂದ. "ಸಾಹೇಬ್ರು ಕೋಟು ಮರೆತ್ರಂತೆ, ಕೊಡಿ."

ಗುಂಡುಸೂಜಿ ಎದ್ದು ನಿಂತಳು. ಅವಳ ಮುಂದೆ ಇಸ್ತ್ರಿ ಹಾಕಿ ಮಡಿಸಿಟ್ಟ ಬಟ್ಟೆ, ತಟ್ಟೆಯಲ್ಲಿ ಗುಂಡಿಗಳು. "ಇಪ್ಪತ್ಮೂರು ತುಂಡು, ಅಣ್ಣ. ಒಂದೂ ಹರಿದಿಲ್ಲ, ನೋಡಿ!"

ಚಾಲಕ ನೆಲದ ಮೇಲೆ ಕುಳಿತುಬಿಟ್ಟ. ನಾನು ನಕ್ಕೆ. ನಗಬಾರದಿತ್ತು, ಮಾನ್ಯರೇ. ಈ ಬಾಯಿಂದ ನಾನು ಕೆಟ್ಟಿರುವುದು ಇದೇ ಮೊದಲಲ್ಲ. "ನಾಳೆ ಸಂಜೆಯೊಳಗೆ ಹೊಸದರ ಹಾಗೆ ಮಾಡಿ ಕೊಡ್ತೀವಿ ಅಂತ ಹೇಳಪ್ಪ," ಎಂದೆ. ಅವನು ತಮಗೆ ನಗುವನ್ನು ಮಾತ್ರ ತಲುಪಿಸಿದನೋ ಏನೋ. ಮರುದಿನ ಬೆಳಿಗ್ಗೆ ಬೀಗ. ನೋಟಿಸಿನಲ್ಲಿ "ಉದ್ದೇಶಪೂರ್ವಕ ಹಾನಿ" ಎಂದಿದೆ. ಹಾನಿ ಮಾಡುವವರು ಗುಂಡಿಗಳನ್ನು ತಟ್ಟೆಯಲ್ಲಿ ಎಣಿಸಿಡುತ್ತಾರೆಯೇ? ಬಟ್ಟೆಗೆ ಇಸ್ತ್ರಿ ಹಾಕುತ್ತಾರೆಯೇ?

ಇಲ್ಲಿಯವರೆಗೆ ತಮಾಷೆಯಾಗಿ ಬರೆದೆ. ಇನ್ನು ಆಗುತ್ತಿಲ್ಲ. ಆ ಹುಡುಗಿಗೆ ನಾನು ಬಿಚ್ಚುವುದನ್ನು ಮಾತ್ರ ಕಲಿಸಿದ್ದೆ. ಕೂಡಿಸುವ ಪಾಠ ಮರುದಿನಕ್ಕಿತ್ತು.

ಆಸ್ಪತ್ರೆಯಲ್ಲಿ ನೆಲ ಒರೆಸುವ ಅವಳ ತಾಯಿ ನಿನ್ನೆ ನಮ್ಮ ಮನೆಗೆ ಬಂದಿದ್ದರು. "ಏನನ್ನೂ ಮುಟ್ತಿಲ್ಲ ಅಣ್ಣ. ನಾನು ಮುಟ್ಟಿದ್ದೆಲ್ಲ ಹಾಳಾಗುತ್ತೆ ಅಂತಾಳೆ. ಎರಡೂ ಕೈನ ಕಂಕುಳಲ್ಲಿ ಇಟ್ಕೊಂಡು ಕೂತಿರ್ತಾಳೆ. ತುತ್ತು ನಾನೇ ಇಡ್ಬೇಕು, ಜಡೆ ನಾನೇ ಹಾಕ್ಬೇಕು. ಹದಿನಾಲ್ಕು ವರ್ಷದವಳಿಗೆ!" ಹದಿನಾರು ದಿನದಿಂದ ಹೀಗೆ. ಆಕೆ ಹೋದ ಮೇಲೆ ಹೆಂಡತಿ, "ಏನಾದ್ರೂ ಹೇಳಿ ನಗಿಸೋ ಮನುಷ್ಯ, ಸುಮ್ನೆ ಯಾಕೆ ಕೂತಿದೀರಿ?" ಎಂದಳು. ನಾನು ಎದ್ದು ಈ ಪತ್ರ ಬರೆಯಲು ಕೂತೆ.

ಪೂರ್ತಿ ಬಿಚ್ಚು ಎಂದವನು ನಾನು, ನಕ್ಕವನು ನಾನು. ದೂರು ಕೊಡಿ, ಠಾಣೆಗೆ ಕಳಿಸಿ. ಇನ್ನು ಆ ಮೆಟ್ಟಿಲು ಹತ್ತಬೇಡ ಎನ್ನಿ, ಹತ್ತುವುದಿಲ್ಲ. ಕಲಿಸುವ ಬೇರೆ ಯಾರನ್ನಾದರೂ ತನ್ನಿ. ಆದರೆ ಮಿಷನ್ನುಗಳನ್ನು ಒಯ್ಯಬೇಡಿ. ಸೋಮವಾರಕ್ಕೆ ಮುಂಚೆ ಒಂದೇ ಒಂದು ಹಗಲು ಆ ಬಾಗಿಲು ತೆಗೆಯಿರಿ. ಬೇಕಾದರೆ ನನ್ನನ್ನು ಹೊಸ್ತಿಲಾಚೆಯೇ ನಿಲ್ಲಿಸಿ, ಅಲ್ಲಿಂದಲೇ ಹೇಳಿಕೊಡುತ್ತೇನೆ. ಇಪ್ಪತ್ಮೂರು ತುಂಡುಗಳನ್ನೂ ಅವಳೇ ತನ್ನ ಕೈಯಿಂದ ಕೂಡಿಸಲಿ. ತಾವೂ ಬಂದು ಕೂತುಕೊಳ್ಳಿ, ಹೆಗಲಿನ ಅಳತೆ ಬೇಕಾಗುತ್ತದೆ.

ಬಂದಾಗ ತುಂಡುಗಳ ರಾಶಿಯ ಮೇಲೆ ಒಂದು ಜೇಬು ಕಾಣುತ್ತದೆ. ಅದರ ತೇಪೆ ಹಾಗೇ ಇದೆ, ಬಿಚ್ಚದೆ ಉಳಿಸಿದವಳು ಅವಳೇ. ಅದನ್ನು ಹೊಲಿದ ಕೈ ಯಾರದೆಂದು ತಮಗೆ ಗೊತ್ತಿರಬೇಕು. ಆ ಹುಡುಗಿಗೂ ಅದನ್ನು ಹೇಳಿ.

ಇಂತಿ,
ನಗಬಾರದ ಹೊತ್ತಿನಲ್ಲಿ ನಕ್ಕು, ಈಗ ಬೀಗದ ಈಚೆ ನಿಂತಿರುವ ದರ್ಜಿ