ಸೊನ್ನೆಗೆ ಇಳಿಸಿದ ಬೆಳಕು

ಮಾರ್ಚ್ ೧೪, ಗುರುವಾರ

ಮೂರನೇ ದಿನವೂ ಲ್ಯಾಪ್‌ಟಾಪ್ ಪರದೆ ಕಪ್ಪು. ನಾಳೆ ಪ್ರೆಸ್‌ಗೆ ಕೊಡಬೇಕಾದ ಪುಸ್ತಕದ ಪುಟಗಳೆಲ್ಲ ಅದರೊಳಗೇ ಇವೆ. ಸಂಜೆ ಅಣ್ಣ ಬಂದು, “ವಿಂಡೋಸ್ ಬಿಟ್ಟು ಪುಕ್ಕಟೆ ಲಿನಕ್ಸ್ ಹಾಕ್ಕೊಂಡ್ರೆ ಇನ್ನೇನಾಗುತ್ತೆ? ಗುಜರಿಗೆ ಹಾಕು, ಹೊಸದು ಕೊಡಿಸ್ತೀನಿ” ಅಂದ. ಕೊಡಿಸಿದರೆ ಸಾಯೋ ತನಕ ಅದನ್ನೇ ಎತ್ತಿ ಆಡುತ್ತಾನೆ. ಬೇಡವೇ ಬೇಡ ಅಂದೆ.

ಅವನು ಹೋಗಿ, ಅಮ್ಮ ಮಲಗಿದ ಮೇಲೆ ಮತ್ತೆ ಆನ್ ಮಾಡಿ ಕಿವಿಗೊಟ್ಟೆ. ಫ್ಯಾನ್ ತಿರುಗುತ್ತಿತ್ತು. ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದರೆ, ಮಸುಕಾಗಿ ಪಾಸ್‌ವರ್ಡ್ ಕೇಳುವ ಚೌಕ! ಪಾಪ, ಅದು ಮೂರು ದಿನವೂ ಸರಿಯಾಗಿಯೇ ಎದ್ದು ನನಗಾಗಿ ಕಾಯುತ್ತಿತ್ತು.

ತಪ್ಪು ನನ್ನದೇ. ಸೋಮವಾರ ರಾತ್ರಿ ಅಪ್‌ಡೇಟ್ ಹಾಕಿ, ಪಕ್ಕದಲ್ಲಿ ಮಲಗಿದ್ದ ಅಮ್ಮನ ಕಣ್ಣಿಗೆ ಹೊಡೆಯದಿರಲಿ ಅಂತ ಪರದೆಯ ಬೆಳಕನ್ನು ಪೂರ್ತಿ ಸೊನ್ನೆಗೆ ಇಳಿಸಿ ನಿದ್ದೆಹೋಗಿದ್ದೆ. ಯಂತ್ರ ಅದನ್ನು ನೆನಪಿಟ್ಟುಕೊಂಡು, ಪ್ರತಿ ಸಲ ಚಾಚೂ ತಪ್ಪದೆ ಸೊನ್ನೆಯಲ್ಲೇ ಏಳುತ್ತಿತ್ತು. ಬೆಳಕು ಏರಿಸುವ ಕೀ ಕೆಟ್ಟು ವರ್ಷವಾಯಿತು; ಪರದೆಯೇ ಕಾಣದೆ ಮೌಸ್‌ನಿಂದಲೂ ಏರಿಸುವಂತಿರಲಿಲ್ಲ.

ಟಾರ್ಚ್ ಹಲ್ಲಲ್ಲಿ ಕಚ್ಚಿಕೊಂಡು ಪಾಸ್‌ವರ್ಡ್ ಹೊಡೆದೆ. ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ಕಿಟಕಿ ತೆರೆದು, ಬೆಳಕು ಏರಿಸು ಅಂತ ಬರೆದೆ. ಮೊದಲ ಸಲ ಅಕ್ಷರ ತಪ್ಪಿತು. ಎರಡನೇ ಸಲ ಕೋಣೆಗೆ ಕೋಣೆಯೇ ಬೆಳಗಿತು. ಹೊಳೆಯುವ ಪರದೆಯ ಫೋಟೋ ಅಣ್ಣನಿಗೆ ಕಳಿಸಿದೆ.

ಅಮ್ಮನಿಗೆ ಎಚ್ಚರವಾಯಿತು. ಬೆಳಕು ಇಳಿಸಲು ಕೈ ತಾನಾಗಿ ಹೋಯಿತು.

“ಇರಲಿ ಬಿಡೇ,” ಅಂದಳು, “ನಾನು ಗೋಡೆ ಕಡೆ ತಿರುಗ್ತೀನಿ.”

ಇನ್ನೂ ಹನ್ನೆರಡು ಪುಟ ಬಾಕಿ. ಕಣ್ಣು ಎಳೆಯುತ್ತಿದೆ. ಬೆಳಕು ಮಾತ್ರ ಇಳಿಸಿಲ್ಲ.