ನೇರಳೆ ಬೆಳಕಿನ ಸೇವಂತಿಗೆ

ಭಾನುವಾರ, ನವೆಂಬರ್ ೧೬

ಸಿಟ್ಟು ಮಾಡಿಕೊಂಡ ಅಕ್ಕನಿಗೆ, ಸಿಟ್ಟು ಬರಿಸಿದ ತಂಗಿಯ ನಮಸ್ಕಾರ.

ಮೊದಲು ಖರ್ಚು ಹೇಳಿಬಿಡುತ್ತೇನೆ. ಗಿಡ ಬೆಳೆಸುವ ನೇರಳೆ ಬೆಳಕಿನ ಎಲ್‌ಇಡಿ ದೀಪ ಎರಡು, ನನ್ನ ಅಂಗಡಿಯವೇ, ಅಸಲು ಬೆಲೆಗೆ. ಅವನ್ನು ತೂಗುಹಾಕಲು ಕಬ್ಬಿಣದ ಸ್ಟ್ಯಾಂಡು ಒಂದು. ಟೈಮರ್ ಒಂದು, ಡಬ್ಬಿಯನ್ನೇ ಬಿಚ್ಚಿರಲಿಲ್ಲ. ಕರೆಂಟಿನ ಮಾತೇ ಬೇಡ. ಎರಡೂ ದೀಪ ಸೇರಿ ಹಳೇ ಕಾಲದ ಒಂದು ಬಲ್ಬಿನಷ್ಟೂ ಕುಡಿಯುವುದಿಲ್ಲ. ಕೊನೆಗೆ, ಒಬ್ಬ ಅಕ್ಕ. ದುಬಾರಿಯಾದದ್ದು ಅದೊಂದೇ.

ಅಮ್ಮ ಹೋದ ಮೇಲೆ ಅವಳ ಬಾಡಿಗೆ ಮನೆ ಖಾಲಿ ಮಾಡಿದ ದಿನ ಸೇವಂತಿಗೆ ಕುಂಡವನ್ನು ನೀನು ಎತ್ತಿಕೊಂಡಿದ್ದೆ. ನಿನಗೆ ಬಿಸಿಲಿನ ತಾರಸಿ ಇತ್ತು, ನನಗೆ ಎದುರು ಮನೆಯ ಗೋಡೆ ನೋಡುವ ಒಂದು ಕಿಟಕಿ. ಆದರೂ ನಾನು ಬಿಡಲಿಲ್ಲ. “ಬಿಸಿಲು ಒಂದು ದಿನ ಬರುತ್ತೆ, ಒಂದು ದಿನ ಬರಲ್ಲ. ನನ್ನ ದೀಪ ರಜಾ ಹಾಕಲ್ಲ ಕಣೇ” ಅಂದೆ. ಕೈಗಾಡಿಯಲ್ಲಿ ಬಲ್ಬು ಮಾರಿ ಮೇಲೆ ಬಂದವಳು, ಮಾತಿನಲ್ಲಿ ಸೋಲುತ್ತೇನೆಯೇ? ನೀನು ಕುಂಡ ಕೆಳಗಿಟ್ಟು, “ಹೂ ಬಿಟ್ಟಾಗ ನೆಡೋಕೆ ಒಂದು ಕಡ್ಡಿ ಕೊಡು” ಅಂದೆ.

ಹೂ ಬಿಡಲಿಲ್ಲ. ಗಿಡವೇನೋ ಕೊಬ್ಬಿತು. ಎಲೆ ಅಂಗೈಯಗಲ, ಕಾಂಡ ಬೆರಳು ದಪ್ಪ. ಮೊಗ್ಗು ಮಾತ್ರ ಒಂದೂ ಇಲ್ಲ. ಮೊದಲ ವರ್ಷ ನಿನಗೆ “ಈಗಲೋ ಆಗಲೋ” ಅಂದೆ. ಎರಡನೇ ವರ್ಷ ನೀನೇ ಬಂದು ನೋಡಿದೆ. ಆ ನೇರಳೆ ಬೆಳಕಿನಲ್ಲಿ ಎಲೆ ಕಪ್ಪಗೆ ಕಾಣುತ್ತಿತ್ತು, ನಾವಿಬ್ಬರೂ ಬದನೆಕಾಯಿಯ ಹಾಗೆ ಕಾಣುತ್ತಿದ್ದೆವು. “ಅಮ್ಮನ ಗಿಡ ಸಾಯಿಸಿ ಬೇರೆ ಯಾವುದನ್ನೋ ತಂದಿಟ್ಟಿದ್ದೀಯ. ಹೂ ತೋರಿಸು, ಆಮೇಲೆ ನಿನ್ನ ಮನೆ ಮೆಟ್ಟಿಲು ಹತ್ತುತ್ತೀನಿ” ಅಂದು ಹೊರಟುಬಿಟ್ಟೆ. ಸೇವಂತಿಗೆಯ ಎಲೆಗಳೆಲ್ಲ ಒಂದೇ ಥರ, ಹೂವೊಂದೇ ಸಾಕ್ಷಿ. ಅದು ಬಾಯಿ ಬಿಡದೆ ಕೂತಿತ್ತು.

ನಾನು ಇನ್ನಷ್ಟು ಬೆಳಕು ಕೊಟ್ಟೆ. ಬೆಳಗಾಗುತ್ತಲೇ ಹಚ್ಚಿದರೆ ನಾನು ಮಲಗುವವರೆಗೂ ಉರಿಯಬೇಕು. ದೀಪದ ಅಂಗಡಿಯವಳಿಗೆ ಬೇರೆ ಔಷಧಿ ಗೊತ್ತಿರುತ್ತದೆಯೇ?

ಗಲಾಟೆ ತೆಗೆದದ್ದು ಎದುರು ಮನೆ ಕಿಟಕಿಯ ನರ್ಸಮ್ಮ. ಈ ಮಳೆಗಾಲದ ಒಂದು ಬೆಳಗ್ಗೆ ಆಸ್ಪತ್ರೆಗೆ ಹೊರಟವಳು ನೇರ ನನ್ನ ಬಾಗಿಲು ಬಡಿದಳು.

“ಏನ್ರೀ, ಮನೇಲಿ ನಾಟಕ ಕಂಪನಿ ಇಟ್ಟಿದ್ದೀರಾ? ನಸುಕಿಗೇ ಏಳೋಳು ನಾನು. ಕಣ್ಣು ಮುಚ್ಚಿದ್ರೆ ರೆಪ್ಪೆ ಒಳಗೂ ನೇರಳೆ!”

“ಪರದೆ ಹಾಕ್ಕೊಳ್ಳಿ.”

“ಹಾಕಿದೀನಿ. ಪರದೆ ಮೇಲೆ ಕಂಬಳಿ ಹಾಕಿದೀನಿ. ಇನ್ನು ಗೋಡೆ ಕಟ್ಟಿಸ್ಬೇಕಷ್ಟೆ, ನೀವೇ ದುಡ್ಡು ಕೊಡಿ.”

ನನಗೂ ಹಟ ಬಂತು. ಅವಳ ಕಣ್ಣೆದುರೇ ಟೈಮರ್ ಡಬ್ಬಿ ಬಿಚ್ಚಿ, ಸಂಜೆ ಆರಕ್ಕೇ ಆರುವಂತೆ ತಿರುಗಿಸಿ, “ಸಾಕಾ ತಾಯಿ? ಗಿಡ ಸತ್ರೆ ನಿಮ್ಮ ಲೆಕ್ಕಕ್ಕೆ ಬರೀತೀನಿ” ಅಂದೆ. ಅವಳು, “ಬರ್ಕೊಳ್ಳಿ, ನಿದ್ದೆ ಮಾಡ್ಕೊಂಡು ಕೇಳಿಸ್ಕೋತೀನಿ” ಅಂದು ಹೋದಳು.

ಆ ಕೋಣೆಯ ಬೇರೆ ದೀಪವನ್ನೂ ಹಾಕಲಿಲ್ಲ, ಅದೂ ಹಟಕ್ಕೇ. ಅಂಗಡಿ ಮುಚ್ಚಿ ಬಂದು ತಡಕಾಡುತ್ತ ಅಡುಗೆಮನೆ ಸೇರುತ್ತಿದ್ದೆ. ಸ್ಟೂಲಿಗೆ ಎಡವಿ ಎಡವಿ ಮೊಣಕಾಲಿನ ಕೆಳಗೆ ನನ್ನದೇ ಒಂದು ನೇರಳೆ ಬಣ್ಣ.

ತಿಂಗಳು ತುಂಬುವಷ್ಟರಲ್ಲಿ, ಅಕ್ಕ, ತುದಿಯಲ್ಲಿ ಮೆಣಸಿನ ಕಾಳಿನಂಥದ್ದೊಂದು ಕಂಡಿತು. ಹುಳುವೋ ಎಂದು ಉಗುರು ಹಾಕಲು ಹೋಗಿ ಕೈ ಹಿಂದೆಗೆದೆ. ಮೊಗ್ಗು! ಸಸಿ ಮಾರುವವನ ಹತ್ತಿರ ಓಡಿದೆ. ಅವನು ನಕ್ಕ. “ಸೇವಂತಿಗೆಗೆ ರಾತ್ರಿ ಉದ್ದ ಇರ್ಬೇಕಮ್ಮ. ಬೆಳಕಲ್ಲಿ ಎಲೆ ಬೆಳೆಯುತ್ತೆ. ಮೊಗ್ಗು ಕಟ್ಬೇಕಾದ್ರೆ ಅದಕ್ಕೆ ಕತ್ತಲೆ ಬೇಕು.” ಜೀವಮಾನವೆಲ್ಲ ಬೆಳಕು ಮಾರಿದವಳಿಗೆ ಇದನ್ನು ಯಾರೂ ಹೇಳಿರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ.

ನಿನ್ನೆ ಹೂವು ಅರಳಿತು. ಆ ದೀಪದಡಿ ಬಣ್ಣ ತಿಳಿಯದು. ಕುಂಡ ಎತ್ತಿಕೊಂಡು ಬೀದಿಗಿಳಿದೆ. ಬಿಸಿಲಿಗೆ ಹಿಡಿದೆ. ಎಸಳಿನ ಹೊರಗೆ ಇಟ್ಟಿಗೆ ಕೆಂಪು, ಒಳಗೆ ಹಳದಿ.

ಅಮ್ಮನದೇ ಕಣೇ. ಲಾಂಡ್ರಿ ಕೆಲಸ ಮುಗಿಸಿ ಬಂದು, ಸೋಪಿನ ವಾಸನೆಯ ಕೈಯಲ್ಲಿ ಆ ಎಸಳನ್ನು ತಿರುಗಿಸಿ ತೋರಿಸುತ್ತಿದ್ದಳಲ್ಲ, “ನೋಡ್ರೇ, ಒಳಗೊಂದು ಸೀರೆ, ಹೊರಗೊಂದು ಸೀರೆ ಉಟ್ಟಿದ್ದಾಳೆ” ಅಂತ. ಮೊದಲ ಹೂವು ಕಿತ್ತವರು ವಾರವೆಲ್ಲ ಪಾತ್ರೆ ತೊಳೆಯಬೇಕೆಂದು ಹೆದರಿಸುತ್ತಿದ್ದಳು. ನಾವಿಬ್ಬರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೂಗನ್ನಷ್ಟೇ ಚಾಚಿ ಮೂಸುತ್ತಿದ್ದೆವು. ನಿನ್ನೆ ಬೀದಿಯಲ್ಲಿ ನಿಂತು ಹಾಗೇ ಮೂಸಿದೆ. ನರ್ಸಮ್ಮ ಕಿಟಕಿಯ ಪರದೆ ಸರಿಸಿ ನೋಡುತ್ತಿದ್ದಳು.

ಹೂವನ್ನು ಕಿತ್ತಿಲ್ಲ. ಗಿಡವೇ ನಿನ್ನದು, ಬಂದು ತೆಗೆದುಕೊಂಡು ಹೋಗು. ನನಗೆ ಒಂದು ಕಡ್ಡಿ ಸಾಕು.

ಇಂತಿ,
ನಿನ್ನ ಬಾಯಿಬಡುಕಿ ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದುಕೊಂಡಿದ್ದೆ. ದೀಪವನ್ನು ಅಷ್ಟು ಹೊತ್ತು ಉರಿಸಿದ್ದು ಗಿಡಕ್ಕಾಗಿ ಮಾತ್ರವಲ್ಲ. ನಾವು ಎಷ್ಟು ಹೊತ್ತಾಗಿ ಬಂದರೂ ಅಮ್ಮ ಅಡುಗೆಮನೆ ದೀಪ ಆರಿಸುತ್ತಿರಲಿಲ್ಲ, ನೆನಪಿದೆಯಾ? ಅಂಗಡಿಯಿಂದ ಬರುವಾಗ ಬೀದಿಯ ತಿರುವಿನಲ್ಲೇ ನನ್ನ ಕಿಟಕಿ ಕಾಣುತ್ತದೆ. ಅಲ್ಲಿ ಬೆಳಕಿದ್ದರೆ ಒಳಗೆ ಯಾರೋ ಎದ್ದು ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು. ಈಗ ಗಿಡಕ್ಕೆ ಕತ್ತಲೆ ಸಿಕ್ಕಿತು. ನರ್ಸಮ್ಮನಿಗೆ ನಿದ್ದೆ ಸಿಕ್ಕಿತು. ನಿನಗೆ ಹೂವು ಸಿಕ್ಕಿತು. ನನಗೆ ಸದ್ಯಕ್ಕೆ ಏನೂ ಇಲ್ಲ. ನೀನು ಬಂದರೆ ಒಬ್ಬ ಅಕ್ಕ.